ಅಟ್ಟದೊಳಗಿನ ಏಸಿ ಡಬ್ಬ: ಏರ್ ಹ್ಯಾಂಡ್ಲರ್ ಕೂರಿಸುವಾಗ, ಓಡಿಸುವಾಗ ಏನೇನು ನೋಡಬೇಕು

ಹಾಸನದಲ್ಲಿ ಹೊಸ ಮನೆ ಕಟ್ಟಿಸುವವರು ಇತ್ತೀಚೆಗೆ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ. "ರೂಮಿಗೊಂದು ಏಸಿ ಗೋಡೆಗೆ ನೇತುಹಾಕೋ ಬದ್ಲು, ಒಂದೇ ದೊಡ್ಡ ಮಿಷನ್ ಇಟ್ಟು ಡಕ್ಟ್‌ನಲ್ಲಿ ಗಾಳಿ ಬಿಟ್ರೆ ಆಗಲ್ವಾ ಸಾರ್?" ಆಗುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ಅದೇ ಜನ ಇನ್ನೊಂದು ಪ್ರಶ್ನೆ ಹೊತ್ತು ಬರುತ್ತಾರೆ. "ಹಾಲ್ ಸೀಲಿಂಗ್‌ನಲ್ಲಿ ಹಳದಿ ಕಲೆ ಬಿದ್ದಿದೆ, ಏಸಿ ಹಾಕಿದ್ರೆ ಬೂಷ್ಟಿನ ವಾಸನೆ, ಏನ್ ಮಾಡೋದು?" ಎರಡಕ್ಕೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಮೊದಲನೆಯ ಕೆಲಸ ಸರಿಯಾಗಿ ಆದರೆ ಎರಡನೆಯ ಪ್ರಶ್ನೆ ಹುಟ್ಟುವುದಿಲ್ಲ.

ನನ್ನ ಅನುಭವದ ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಈ ಮಿಷನ್ ಬಿಸಿಲಿಗೆ ಕೆಡುವುದಿಲ್ಲ. ನೀರಿಗೆ ಕೆಡುತ್ತದೆ, ಸುಮ್ನೆ ಕೂತು ಕೆಡುತ್ತದೆ. ಚೆನ್ನೈನಲ್ಲಿ ಏಸಿ ಹೆಚ್ಚುಕಮ್ಮಿ ವರ್ಷವಿಡೀ ಓಡುತ್ತದೆ. ಹಾಸನ, ಚಿಕ್ಕಮಗಳೂರಿನಲ್ಲಿ ಫೆಬ್ರವರಿ ಕೊನೆಯಿಂದ ಮೇ ತನಕ ಓಡಿದರೆ ಹೆಚ್ಚು. ಉಳಿದ ತಿಂಗಳು ಒದ್ದೆ ಗಾಳಿಯಲ್ಲಿ, ಕತ್ತಲಲ್ಲಿ ಕೂತಿರುತ್ತದೆ. ಹಾಗಾಗಿ ಕಂಪನಿ ಪುಸ್ತಕದಲ್ಲಿ ಎರಡು ಸಾಲಿಗೆ ಮುಗಿಯುವ ಡ್ರೈನ್ ಪೈಪಿಗೆ ನಾನು ಇಲ್ಲಿ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಎಲ್ಲ ಮನೆಗೂ ಇದು ಬೇಕು ಅಂತಲೂ ಅಲ್ಲ. ಹಳೆ ಹೆಂಚಿನ ಮನೆ, ದಪ್ಪ ಗೋಡೆ, ಸುತ್ತ ಮರ ಇದ್ದರೆ ಒಂದು ಮಲಗುವ ಕೋಣೆಗೆ ಸ್ಪ್ಲಿಟ್ ಏಸಿ ಸಾಕು. ಮೋಲ್ಡ್ ಮನೆ, ಮೂರ್ನಾಲ್ಕು ರೂಮು, ಎಲ್ಲರೂ ಒಂದೇ ಹೊತ್ತಿಗೆ ಏಸಿ ಹಾಕುವವರು ಅನ್ನುವುದಾದರೆ ಮುಂದೆ ಓದಿ.

ಮೊದಲು ಒಂದಷ್ಟು ಹೆಸರು

ಏರ್ ಹ್ಯಾಂಡ್ಲರ್ ಅಂದರೆ ಮನೆಯೊಳಗೆ, ಸಾಮಾನ್ಯವಾಗಿ ಫಾಲ್ಸ್ ಸೀಲಿಂಗ್ ಮೇಲೆ ಅಡಗಿ ಕೂರುವ ತಗಡಿನ ಪೆಟ್ಟಿಗೆ. ಅಂಗಡಿಯವರು ಡಕ್ಟಬಲ್ ಇಂಡೋರ್ ಯೂನಿಟ್ ಅನ್ನುತ್ತಾರೆ. ಒಳಗೆ ಮುಖ್ಯವಾಗಿ ಐದು ಸಾಮಾನು. ಗಾಳಿ ಎಳೆದು ನೂಕುವ ಬ್ಲೋವರ್. ತಣ್ಣನೆ ಗ್ಯಾಸ್ ಹರಿಯುವ ಕಾಯಿಲ್, ನೋಡಲು ಕಾರಿನ ರೇಡಿಯೇಟರ್ ಇದ್ದ ಹಾಗೆ. ಅದರ ಮುಂದೆ ದೂಳು ತಡೆಯುವ ಫಿಲ್ಟರ್. ಕಾಯಿಲ್ ಕೆಳಗೆ ನೀರು ಹಿಡಿಯುವ ಡ್ರೈನ್ ಟ್ರೇ. ಪಕ್ಕದಲ್ಲಿ ಎಲೆಕ್ಟ್ರಾನಿಕ್ ಬೋರ್ಡ್.

ಕಂಪ್ರೆಸರ್ ಇರುವ ಔಟ್‌ಡೋರ್ ಯೂನಿಟ್ ಮನೆ ಹೊರಗೆ ಅಥವಾ ತಾರಸಿ ಮೇಲೆ ಕೂರುತ್ತದೆ. ಎರಡರ ಮಧ್ಯೆ ಒಂದು ಸಣ್ಣ, ಒಂದು ದಪ್ಪ ಕಾಪರ್ ಪೈಪ್. ತಂಪು ಗಾಳಿ ರೂಮಿಗೆ ಹೋಗುವ ದಾರಿ ಸಪ್ಲೈ ಡಕ್ಟ್. ರೂಮಿನ ಗಾಳಿ ಮಿಷನ್‌ಗೆ ವಾಪಸ್ ಬರುವ ದಾರಿ ರಿಟರ್ನ್. ಈ ರಿಟರ್ನ್ ಅನ್ನುವ ಪದವನ್ನು ನೆನಪಿಟ್ಟುಕೊಳ್ಳಿ, ಅರ್ಧ ತಕರಾರು ಅಲ್ಲೇ ಇರುತ್ತದೆ.

ಟನ್ ಅಂದರೆ ಮಿಷನ್ ತೂಕ ಅಲ್ಲ. ಒಂದು ಟನ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು. ಲೆಕ್ಕದಲ್ಲಿ ಗಂಟೆಗೆ 12,000 ಬಿಟಿಯು, ಅಂದರೆ ಸುಮಾರು 3.5 ಕಿಲೋವ್ಯಾಟ್. ಸಿಎಫ್‌ಎಂ ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಸಾಗುತ್ತದೆ ಅನ್ನುವುದು. ಟನ್‌ಗೆ ಸುಮಾರು 400 ಸಿಎಫ್‌ಎಂ ಅನ್ನುವುದು ಕಸುಬಿನವರ ಮಾಮೂಲು ಲೆಕ್ಕ.

ನಿಮ್ಮ ಪಾಲಿನ ಕೆಲಸ ಯಾವುದು

ಗ್ಯಾಸ್, ಬೆಸುಗೆ, ಮೇನ್ ಲೈನ್ ಮೂರಕ್ಕೂ ನೀವು ಕೈ ಹಾಕಬೇಡಿ. ಏಸಿ ಕೆಲಸಕ್ಕೆ ಕಂಪನಿ ಒಪ್ಪಿದ ಮೆಕ್ಯಾನಿಕ್ ಬೇಕು. ವೈರಿಂಗ್‌ಗೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಬೇಕು. ನೀವು ಪಾನ ಹಿಡಿಯಬೇಕಿಲ್ಲ, ಟಾರ್ಚ್ ಹಿಡಿದು ಪಕ್ಕದಲ್ಲಿ ನಿಂತರೆ ಸಾಕು. ಜೊತೆಗೆ ಒಂದು ಟೇಪು, ಒಂದು ರಸಮಟ್ಟ, ಒಂದು ಬಕೆಟ್ ನೀರು, ಒಂದು ಚೊಂಬು, ಸಾದಾ ಥರ್ಮಾಮೀಟರ್ ಇಟ್ಟುಕೊಳ್ಳಿ. ಫಾಲ್ಸ್ ಸೀಲಿಂಗ್ ಮುಚ್ಚುವ ಮುಂಚೆ ಪ್ರತಿ ಮೂಲೆಯನ್ನೂ ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ಮೂರು ವರ್ಷ ಬಿಟ್ಟು ಯಾರೋ ಫ್ಯಾನಿಗೆ ಡ್ರಿಲ್ ಹಾಕುವಾಗ ಆ ಫೋಟೋದ ಬೆಲೆ ಗೊತ್ತಾಗುತ್ತದೆ.

1. ಲೆಕ್ಕ ಬರೆಸಿಕೊಳ್ಳಿ

"ಇಷ್ಟು ಚದರಕ್ಕೆ ಇಷ್ಟು ಟನ್" ಅಂತ ನಿಂತ ಜಾಗದಲ್ಲೇ ಹೇಳುವವರನ್ನು ನಂಬಬೇಡಿ. ಪಶ್ಚಿಮದ ಗೋಡೆ ಯಾವುದು, ಗಾಜು ಎಷ್ಟು, ಮೇಲೆ ಇನ್ನೊಂದು ಮಹಡಿ ಇದೆಯಾ ಅಥವಾ ನೇರ ಬಿಸಿಲು ಬೀಳುವ ತಾರಸಿಯಾ, ಮನೆಯಲ್ಲಿ ಎಷ್ಟು ಜನ, ಇವೆಲ್ಲ ಸೇರಿ ಲೆಕ್ಕ ಬರಬೇಕು. ರೂಮುವಾರು ಎಷ್ಟು ಶಾಖ, ಎಷ್ಟು ಸಿಎಫ್‌ಎಂ ಅಂತ ಕಾಗದದ ಮೇಲೆ ಕೇಳಿ. ಕೊಡದವರ ಹತ್ತಿರ ಕೆಲಸ ಮಾಡಿಸಬೇಡಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು, "ಇರಲಿ ಬಿಡಿ, ಒಂದು ಟನ್ ಜಾಸ್ತಿನೇ ಹಾಕಿ" ಅನ್ನುವುದು. ದೊಡ್ಡ ಮಿಷನ್ ರೂಮನ್ನು ಹತ್ತೇ ನಿಮಿಷಕ್ಕೆ ತಂಪು ಮಾಡಿ ನಿಂತುಬಿಡುತ್ತದೆ. ಗಾಳಿಯಲ್ಲಿರುವ ತೇವ ಇಳಿಯುವುದಕ್ಕೆ ಅದು ಹೆಚ್ಚು ಹೊತ್ತು ಓಡಬೇಕು. ಆಗ ರೂಮು ತಣ್ಣಗಿದ್ದೂ ಜಿಗುಟು ಅನ್ನಿಸುತ್ತದೆ, ಹಾಸಿಗೆ ತಂಡಿ ಹಿಡಿದ ಹಾಗಿರುತ್ತದೆ.

ಎತ್ತರದ ವಿಷಯವನ್ನೂ ಕೇಳಿ. ನಮ್ಮ ಎರಡೂ ಊರು ಸಮುದ್ರಮಟ್ಟದಿಂದ ಸುಮಾರು ಒಂದು ಸಾವಿರ ಮೀಟರ್ ಮೇಲಿವೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ನೂರಕ್ಕೆ ಹತ್ತರಷ್ಟು ತೆಳು. ಅಷ್ಟೇ ಸಿಎಫ್‌ಎಂ ಹೋದರೂ ಅದು ಹೊತ್ತೊಯ್ಯುವ ಶಾಖ ಕಡಿಮೆ. ಇದಕ್ಕೆ ಟನ್ ಹೆಚ್ಚಿಸುವುದು ಮದ್ದಲ್ಲ. ಕಂಪನಿ ಪುಸ್ತಕದಲ್ಲಿ ಎತ್ತರಕ್ಕೆ ತಕ್ಕ ತಿದ್ದುಪಡಿ ಇದ್ದರೆ ಅದನ್ನು ಹಾಕಿ ಲೆಕ್ಕ ಮಾಡಬೇಕು, ಅಷ್ಟೆ.

2. ಕರೆಂಟ್

ಹಾಸನದವರು ಸೆಸ್ಕ್ ಬಿಲ್ಲು ತೆಗೆಯಿರಿ, ಚಿಕ್ಕಮಗಳೂರಿನವರು ಮೆಸ್ಕಾಂ ಬಿಲ್ಲು. ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಅದರಲ್ಲೇ ಇರುತ್ತದೆ. 3 ಟನ್ ಮಿಷನ್ ಒಂದೇ ಸುಮಾರು 3ರಿಂದ 3.5 ಕಿಲೋವ್ಯಾಟ್ ಎಳೆಯುತ್ತದೆ. ಗೀಸರ್, ಮೋಟರ್, ಇಸ್ತ್ರಿಪೆಟ್ಟಿಗೆ ಇದ್ದೇ ಇವೆ. ಸಾಲದಿದ್ದರೆ ಮೊದಲು ಲೋಡ್ ಹೆಚ್ಚಿಸಲು ಅರ್ಜಿ ಹಾಕಿ, ಆಮೇಲೆ ಮಿಷನ್ ತನ್ನಿ.

ಏಸಿಗೆ ಬೋರ್ಡಿನಿಂದ ಬೇರೆಯದೇ ಲೈನ್ ಬರಬೇಕು. ಮಧ್ಯದಲ್ಲಿ ಇನ್ನೊಂದು ಪಾಯಿಂಟ್ ತೆಗೆಯುವ ಹಾಗಿಲ್ಲ. ವೈರ್ ದಪ್ಪ, ಎಂಸಿಬಿ (ಲೋಡ್ ಮೀರಿದರೆ ತಾನೇ ಬೀಳುವ ಸ್ವಿಚ್ಚು) ಎಷ್ಟು ಆಂಪಿಯರ್ ಅನ್ನುವುದು ಮಿಷನ್ ಮೇಲಿನ ತಗಡಿನ ಪಟ್ಟಿಯಲ್ಲಿರುವ ಅಂಕಿ ನೋಡಿ ತೀರ್ಮಾನವಾಗಬೇಕು, ಎಲೆಕ್ಟ್ರಿಷಿಯನ್ ಚೀಲದಲ್ಲಿ ಏನು ಉಳಿದಿದೆ ಅನ್ನುವುದರಿಂದ ಅಲ್ಲ. ಜೊತೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇರಲಿ. ಇದು ಕರೆಂಟ್ ಮೈಗೆ ಸೋರಿದಾಗ ಕ್ಷಣದಲ್ಲಿ ಕಡಿದುಹಾಕುವ ಸ್ವಿಚ್ಚು. ಏರ್ ಹ್ಯಾಂಡ್ಲರ್ ಪಕ್ಕದಲ್ಲೇ, ಕೈಗೆಟುಕುವ ಹಾಗೆ ಒಂದು ಐಸೊಲೇಟರ್ ಸ್ವಿಚ್ ಹಾಕಿಸಿ. ರಿಪೇರಿಗೆ ಅಟ್ಟ ಹತ್ತಿದವನು ತನ್ನ ಕೈಯಿಂದಲೇ ಕರೆಂಟ್ ತೆಗೆಯುವ ಹಾಗಿರಬೇಕು. ಕೆಳಗಿನಿಂದ ಯಾರೋ "ಆಫ್ ಮಾಡಿದೀನಿ" ಅಂತ ಕೂಗುವುದನ್ನು ನಂಬಿ ಒಳಗೆ ಕೈ ಹಾಕುವ ಪರಿಸ್ಥಿತಿ ಬರಬಾರದು.

ಅರ್ಥಿಂಗ್ ಬಗ್ಗೆ ಒಂದೇ ಮಾತು. ಏಸಿ ಓಡುವುದು ಬೇಸಿಗೆಯಲ್ಲಿ, ಅರ್ಥ್ ಗುಂಡಿ ಒಣಗುವುದೂ ಬೇಸಿಗೆಯಲ್ಲಿ. ಮಾರ್ಚ್ ತಿಂಗಳಿಂದ ವಾರಕ್ಕೆರಡು ಬಕೆಟ್ ನೀರು ಹಾಕಿ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು ನಮಗೆ ಹೊಸದಲ್ಲ. ಮೇನ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್, ಅಂದರೆ ಲೈನ್‌ನಲ್ಲಿ ದಿಢೀರನೆ ನುಗ್ಗುವ ಹೆಚ್ಚಿನ ವೋಲ್ಟೇಜನ್ನು ಭೂಮಿಗೆ ಇಳಿಸುವ ಸಾಧನ, ಹಾಕಿಸಿದರೆ ಎಲೆಕ್ಟ್ರಾನಿಕ್ ಬೋರ್ಡ್ ಉಳಿಯುತ್ತದೆ. ತೋಟದ ಮನೆಯವರು ಸಂಜೆ ಏಳರಿಂದ ಒಂಬತ್ತರ ಮಧ್ಯೆ ಮೂರು ದಿನ ವೋಲ್ಟೇಜ್ ಅಳೆದು, 230ರ ಆಸುಪಾಸು ಇಲ್ಲದಿದ್ದರೆ ಸ್ಟೆಬಿಲೈಜರ್ ಲೆಕ್ಕಕ್ಕೆ ತೆಗೆದುಕೊಳ್ಳಿ.

3. ಎಲ್ಲಿ ಕೂರಿಸಬೇಕು

ಬಾತ್‌ರೂಮ್ ಅಥವಾ ಪ್ಯಾಸೇಜಿನ ಮೇಲಿನ ಜಾಗ ಒಳ್ಳೆಯದು. ಡ್ರೈನ್ ಹತ್ತಿರ ಇರುತ್ತದೆ, ಸದ್ದು ಮಲಗುವ ಕೋಣೆಗೆ ಬರುವುದಿಲ್ಲ, ಒಂದು ವೇಳೆ ನೀರು ಸೋರಿದರೂ ಟೈಲ್ಸ್ ಮೇಲೆ ಬೀಳುತ್ತದೆ. ಅಡುಗೆಮನೆ ಮೇಲೆ ಬೇಡವೇ ಬೇಡ. ಒಗ್ಗರಣೆ ಜಿಡ್ಡು ಕಾಯಿಲ್ ಮೇಲೆ ಕೂತರೆ ಅದಕ್ಕೆ ದೂಳು ಅಂಟಿ ಕಂಬಳಿಯಾಗುತ್ತದೆ.

ಮಿಷನ್ ಕೆಳಗೆ ಕನಿಷ್ಠ ಎರಡು ಅಡಿಗೆ ಎರಡು ಅಡಿ ತೆರೆಯುವ ಬಾಗಿಲು ಬೇಕು. ಫಾಲ್ಸ್ ಸೀಲಿಂಗ್ ಮೇಸ್ತ್ರಿಗೆ ಅಂದ ಮುಖ್ಯ, ನಿಮಗೆ ಫಿಲ್ಟರ್ ಮುಖ್ಯ. "ಮೇಡಂ, ಸಣ್ಣ ಬಾಗಿಲು ಇಟ್ರೆ ಚೆಂದ ಕಾಣುತ್ತೆ" ಅಂದರೆ ಒಪ್ಪಬೇಡಿ. ಬ್ಲೋವರ್ ಮೋಟರ್ ಕೆಟ್ಟ ದಿನ ಇಡೀ ಜಿಪ್ಸಮ್ ಒಡೆಯಬೇಕಾಗುತ್ತದೆ.

ಈಗ ಸುರಕ್ಷತೆಯ ಅತಿ ಮುಖ್ಯ ಮಾತು. ರಿಟರ್ನ್ ಬಾಯಿ ಗಾಳಿಯನ್ನು ಜೋರಾಗಿ ಎಳೆಯುತ್ತದೆ. ಅದರ ಹತ್ತಿರ ಗ್ಯಾಸ್ ಗೀಸರ್ ಇದ್ದರೆ, ಅಥವಾ ಬಚ್ಚಲು ಮನೆಯ ಹಂಡೆ ಒಲೆ ಇದ್ದರೆ, ಹೊರಗೆ ಹೋಗಬೇಕಾದ ಹೊಗೆ ಒಳಕ್ಕೆ ಎಳೆದುಕೊಂಡು ಬರುತ್ತದೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಹೊಸ ಏಸಿಯೂ ಇದೆ, ಹಳೆ ಹಂಡೆಯೂ ಇದೆ. ಕಣ್ಣು ಉರಿಯುವ ಹೊಗೆ ಗೊತ್ತಾಗುತ್ತದೆ. ಕಾರ್ಬನ್ ಮೋನಾಕ್ಸೈಡ್ ಗೊತ್ತಾಗುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ. ಹಾಗಾಗಿ ಉರಿ ಇರುವ ಯಾವ ಕೋಣೆಯ ಗಾಳಿಯೂ ರಿಟರ್ನ್‌ಗೆ ಸೇರಬಾರದು. ರಿಟರ್ನ್ ಡಕ್ಟ್ ಬಾತ್‌ರೂಮ್ ಮೇಲಿನ ಅಟ್ಟದಲ್ಲಿ ಹಾದು ಹೋಗುತ್ತಿದ್ದರೆ ಅದರ ಪ್ರತಿ ಜೋಡಣೆಯೂ ಗಾಳಿ ಹೊಗದ ಹಾಗೆ ಮುಚ್ಚಿರಬೇಕು. ಅಟ್ಟದ ಖಾಲಿ ಜಾಗವನ್ನೇ ರಿಟರ್ನ್ ದಾರಿಯಾಗಿ ಬಿಡುವುದು ಅಗ್ಗದ ಉಪಾಯ. ಅಂಥ ಮನೆಯಲ್ಲಿ ಅದನ್ನು ಒಪ್ಪಲೇಬೇಡಿ. ಮಲಗುವ ಕೋಣೆ ಹೊರಗೆ ಒಂದು ಕಾರ್ಬನ್ ಮೋನಾಕ್ಸೈಡ್ ಅಲಾರಂ ಹಾಕಿಸುವುದು ದುಡ್ಡು ದಂಡವಲ್ಲ.

4. ನೇತುಹಾಕುವುದು

ಮಿಷನ್ ತೂಕ ಮೋಲ್ಡ್ ಸ್ಲ್ಯಾಬ್ ಮೇಲೆ ಬೀಳಬೇಕು. ಫಾಲ್ಸ್ ಸೀಲಿಂಗ್ ಚೌಕಟ್ಟಿನ ಮೇಲೆ ಅಲ್ಲ. ಸ್ಲ್ಯಾಬಿಗೆ ಆಂಕರ್ ಬೋಲ್ಟ್ ಹೊಡೆದು, ಮರೆ (ಥ್ರೆಡ್) ಇರುವ ಕಬ್ಬಿಣದ ರಾಡ್ ಇಳಿಬಿಟ್ಟು, ರಾಡಿಗೂ ಮಿಷನ್‌ಗೂ ಮಧ್ಯೆ ರಬ್ಬರ್ ಅಥವಾ ಸ್ಪ್ರಿಂಗ್ ಇಡುತ್ತಾರೆ. ರಬ್ಬರ್ ಬಿಟ್ಟರೆ ಬ್ಲೋವರ್ ಗುಂಯ್‌ಗುಡುವುದು ಮೇಲಿನ ಮಹಡಿಗೂ ಕೇಳುತ್ತದೆ. ಪ್ರತಿ ರಾಡಿಗೂ ಎರಡು ನಟ್ ಇರಲಿ, ಒಂದರ ಬೆನ್ನಿಗೆ ಇನ್ನೊಂದು. ಹೆಂಚಿನ ಮಾಡಿನ ಮನೆಯಾದರೆ ಮರದ ತೊಲೆಗೆ ನೇತುಹಾಕಬೇಡಿ, ಗೋಡೆಯಿಂದ ಗೋಡೆಗೆ ಕಬ್ಬಿಣದ ಆಂಗಲ್ ಕೊಟ್ಟು ಅದರ ಮೇಲೆ ಕೂರಿಸಿ.

ರಸಮಟ್ಟ ಇಟ್ಟು ನೋಡಿ. ಉದ್ದಕ್ಕೂ ಅಡ್ಡಕ್ಕೂ ಸಮ ಇರಬೇಕು. ಡ್ರೈನ್ ಬಾಯಿ ಕಡೆಗೆ ಕೂದಲೆಳೆ ತಗ್ಗಿದ್ದರೆ ಪರವಾಗಿಲ್ಲ, ಎದುರು ದಿಕ್ಕಿಗೆ ತಗ್ಗಿದ್ದರೆ ಅವತ್ತೇ ಸರಿ ಮಾಡಿಸಿ.

5. ಡ್ರೈನ್: ಇಲ್ಲಿ ನಿಧಾನ ಮಾಡಿ

ತಣ್ಣನೆ ಚೊಂಬಿನ ಮೈಮೇಲೆ ಹನಿ ಕೂರುವ ಹಾಗೆ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ. ತೇವದ ದಿನ 3 ಟನ್ ಮಿಷನ್ ಪೂರ್ತಿ ಓಡುವಾಗ ಗಂಟೆಗೆ ಎರಡು ಮೂರು ಲೀಟರ್ ನೀರು ಇಳಿಯುವುದು ಮಾಮೂಲು. ಅಷ್ಟೂ ನೀರು ನಿಮ್ಮ ತಲೆ ಮೇಲಿನ ತಗಡಿನ ಟ್ರೇನಿಂದ ಒಂದು ಸಣ್ಣ ಪೈಪಿನಲ್ಲಿ ಹೊರಗೆ ಹೋಗಬೇಕು.

ಪೈಪಿಗೆ ವಾಟ ಬೇಕು, ಅಂದರೆ ಇಳಿಜಾರು. ಮೀಟರಿಗೆ ಒಂದು ಸೆಂಟಿಮೀಟರ್ ಕನಿಷ್ಠ, ಎರಡು ಇದ್ದರೆ ನೆಮ್ಮದಿ. ಪೈಪ್ ಮಧ್ಯದಲ್ಲಿ ಜೋತುಬೀಳದ ಹಾಗೆ ಹತ್ತಿರ ಹತ್ತಿರ ಕ್ಲಾಂಪ್ ಹಾಕಿಸಿ. ಜೋತುಬಿದ್ದ ಕಡೆ ನೀರು ನಿಂತು ಪಾಚಿ ಕಟ್ಟುತ್ತದೆ. ಫಾಲ್ಸ್ ಸೀಲಿಂಗ್ ಒಳಗೆ ಹೋಗುವ ಡ್ರೈನ್ ಪೈಪಿಗೂ ಸ್ಪಂಜಿನ ಹೊದಿಕೆ ಬೇಕು. ಒಳಗಿನ ನೀರು ತಣ್ಣಗಿರುವುದರಿಂದ ಪೈಪೂ ಬೆವರುತ್ತದೆ. ಎಷ್ಟೋ ಜನ ಸೋರಿಕೆ ಹುಡುಕುತ್ತಾ ಒಡೆಸಿದ ಜಾಗದಲ್ಲಿ ಇದ್ದದ್ದು ಬರೀ ಬೆವರು.

ಈಗ ಟ್ರಾಪ್. ಸಿಂಕ್ ಕೆಳಗೆ ಬಾಗಿದ ಪೈಪ್ ನೋಡಿದ್ದೀರಲ್ಲ, ಅದೇ. ಬ್ಲೋವರ್ ಕಾಯಿಲ್‌ನ ಆಚೆ ಇದ್ದು ಗಾಳಿ ಎಳೆಯುವ ಮಿಷನ್‌ನಲ್ಲಿ ಟ್ರೇ ಇರುವ ಜಾಗಕ್ಕೂ ಆ ಎಳೆತ ತಾಕುತ್ತದೆ. ಟ್ರಾಪ್ ಇಲ್ಲದಿದ್ದರೆ ಡ್ರೈನ್ ಪೈಪಿನಿಂದ ಗಾಳಿ ಒಳಕ್ಕೆ ನುಗ್ಗುತ್ತದೆ, ಎದುರಿಗೆ ಬರುವ ನೀರನ್ನು ತಡೆದು ನಿಲ್ಲಿಸುತ್ತದೆ. ಎಳನೀರಿನ ಸ್ಟ್ರಾ ಬಾಯಲ್ಲಿ ಎಳೆದು ಹಿಡಿದಾಗ ನೀರು ಕೆಳಗೆ ಬೀಳುತ್ತದಾ? ಅದೇ ಲೆಕ್ಕ. ಟ್ರೇ ತುಂಬುತ್ತದೆ, ಮಿಷನ್ ಆಫ್ ಮಾಡಿದ ತಕ್ಷಣ ಎಲ್ಲ ನೀರು ಒಟ್ಟಿಗೆ ನುಗ್ಗುತ್ತದೆ ಅಥವಾ ಅಂಚು ಮೀರಿ ಸುರಿಯುತ್ತದೆ.

ನನ್ನ ಮನೆಯಲ್ಲೇ ಇದು ಆಯಿತು. ಕೂರಿಸಿದವರು ಟ್ರಾಪ್ ಬೇಡ ಅಂದರು, ನಾನೂ ಸುಮ್ಮನಾದೆ. ಮೊದಲ ದಿನ ನೀರು ಹಾಕಿ ನೋಡಿದಾಗ ಸರಾಗವಾಗಿ ಹೋಯಿತು. ಏಕೆಂದರೆ ಆವಾಗ ಬ್ಲೋವರ್ ನಿಂತಿತ್ತು. ಮೇ ತಿಂಗಳ ಮೊದಲ ಮಳೆ ಬಂದ ರಾತ್ರಿ ದೇವರ ಮನೆ ಮುಂದಿನ ಸೀಲಿಂಗ್ ಒಂದು ಮೊರದಗಲ ಕೆಳಗಿಳಿದಿತ್ತು. ಹಾಗಾಗಿ ಹೇಳುವುದು: ಡ್ರೈನ್ ಪರೀಕ್ಷೆಯನ್ನು ಬ್ಲೋವರ್ ಓಡುತ್ತಿರುವಾಗಲೇ ಮಾಡಿಸಿ. ಮೆಕ್ಯಾನಿಕ್ ಕೈಯಲ್ಲಿ, ಕಂಪನಿ ಕೊಟ್ಟ ಕಿಂಡಿಯಿಂದ, ಕರೆಂಟಿನ ಭಾಗಕ್ಕೆ ಹನಿಯೂ ತಾಗದ ಹಾಗೆ ಚೊಂಬು ಚೊಂಬಾಗಿ ನೀರು ಹಾಕಿಸಿ. ಹಾಕಿದಷ್ಟು ಹೊರಗೆ ಬರುತ್ತಿದೆಯಾ ಅಂತ ಪೈಪಿನ ಕೊನೆಯಲ್ಲಿ ಬಕೆಟ್ ಹಿಡಿದು ನೋಡಿ.

ಟ್ರಾಪಿನ ಆಳ ಎಷ್ಟಿರಬೇಕು ಅನ್ನುವುದು ಮಿಷನ್ ಪುಸ್ತಕದಲ್ಲಿ ಇರುತ್ತದೆ. ಪಂಪಿನಿಂದ ನೀರೆತ್ತುವ ಮಾದರಿಗಳಿಗೆ ಟ್ರಾಪ್ ಬೇಡ, ಅದೂ ಪುಸ್ತಕದಲ್ಲೇ ಇರುತ್ತದೆ.

ಇನ್ನೆರಡು ಸಾಮಾನು ಕೇಳಿ ಹಾಕಿಸಿ. ಮಿಷನ್ ಕೆಳಗೆ ಪೂರ್ತಿ ಅಗಲಕ್ಕೆ ಇನ್ನೊಂದು ತಗಡಿನ ಟ್ರೇ, ಅದಕ್ಕೆ ಬೇರೆ ಪೈಪ್. ಮತ್ತು ಫ್ಲೋಟ್ ಸ್ವಿಚ್, ಅಂದರೆ ನೀರು ಏರಿದರೆ ತೇಲಿ ಮಿಷನ್ ನಿಲ್ಲಿಸುವ ಸಣ್ಣ ಬುರುಡೆ. ಎರಡನೇ ಟ್ರೇ ಪೈಪಿನ ಕೊನೆಯನ್ನು ಕಿಟಕಿ ಎದುರು, ಎಲ್ಲರಿಗೂ ಕಾಣುವ ಜಾಗದಲ್ಲಿ ಬಿಡಿ. ಅಲ್ಲಿ ನೀರು ತೊಟ್ಟಿಕ್ಕಿದ ದಿನ ಮೊದಲನೆಯ ಪೈಪ್ ಕಟ್ಟಿದೆ ಅಂತ ತಿಳಿಯಿರಿ.

ಡ್ರೈನನ್ನು ನೇರವಾಗಿ ಕಕ್ಕಸಿನ ಪೈಪಿಗೆ ಸೇರಿಸಬೇಡಿ. ಅಲ್ಲಿನ ವಾಸನೆಯನ್ನು ಬ್ಲೋವರ್ ಎಳೆದು ಮನೆಗೆಲ್ಲ ಹಂಚುತ್ತದೆ.

6. ಡಕ್ಟ್ ಮತ್ತು ರಿಟರ್ನ್

ಡಕ್ಟಿನ ಜೋಡಣೆಗಳಿಗೆ ಅಲ್ಯೂಮಿನಿಯಂ ಫಾಯಿಲ್ ಟೇಪ್ ಅಥವಾ ಸೀಲೆಂಟ್ ಬೇಕು. ಬಟ್ಟೆಯ ಟೇಪು ಎರಡು ಬೇಸಿಗೆಗೆ ಒಣಗಿ ಬಿಟ್ಟುಕೊಳ್ಳುತ್ತದೆ. ಮೇಲಿನ ಹೊದಿಕೆ ಎಲ್ಲೂ ಹರಿದಿರಬಾರದು. ಹರಿದ ಜಾಗದಲ್ಲಿ ತಗಡು ಬೆವರಿ ತೊಟ್ಟಿಕ್ಕುತ್ತದೆ. ಬಳುಕುವ ಫ್ಲೆಕ್ಸಿಬಲ್ ಡಕ್ಟ್ ಆದರೆ ಬಿಗಿಯಾಗಿ ಎಳೆದು ಕಟ್ಟಿಸಿ. ಮಡಿಚಿಕೊಂಡ ಡಕ್ಟ್‌ನಲ್ಲಿ ಗಾಳಿ ಅರ್ಧಕ್ಕರ್ಧ ನಿಂತುಹೋಗುತ್ತದೆ.

ರಿಟರ್ನ್ ಸಣ್ಣದಾಗಿ ಬಿಡುವುದು ಎಲ್ಲ ಕಡೆ ಕಾಣುವ ತಪ್ಪು. ಹಾಲ್‌ನಲ್ಲಿ ಒಂದೇ ರಿಟರ್ನ್ ಕೊಟ್ಟು ಮಲಗುವ ಕೋಣೆಗೆ ಬರೀ ಸಪ್ಲೈ ಕೊಟ್ಟಿರುತ್ತಾರೆ. ರಾತ್ರಿ ಬಾಗಿಲು ಹಾಕಿದರೆ ಗಾಳಿ ವಾಪಸ್ ಹೋಗಲು ದಾರಿಯಿಲ್ಲ, ಹಾಗಾಗಿ ಒಳಗೂ ಬರುವುದಿಲ್ಲ. ಬಾಗಿಲ ಕೆಳಗೆ ಮುಕ್ಕಾಲು ಇಂಚು, ಒಂದು ಇಂಚು ಸಂದು ಬಿಡಿಸಿ, ಅಥವಾ ಬಾಗಿಲ ಮೇಲೆ ಗ್ರಿಲ್ ಕೊಡಿಸಿ. ಪರೀಕ್ಷೆ ಸುಲಭ. ಏಸಿ ಓಡುವಾಗ ಬಾಗಿಲು ಹಾಕಿ, ಕೆಳಗಿನ ಸಂದಿನಲ್ಲಿ ತೆಳು ಕಾಗದದ ಚೂರು ಹಿಡಿಯಿರಿ. ಹೊರಗಡೆಗೆ ಹಾರಾಡಿದರೆ ಸರಿ.

ಇಲಿ, ಅಳಿಲಿಗೆ ಡಕ್ಟಿನ ಹೊದಿಕೆ ಹಾಸಿಗೆ ಇದ್ದ ಹಾಗೆ. ಗೋಡೆಯಿಂದ ಪೈಪ್ ಹೊರಬರುವ ತೂತನ್ನು ಕಬ್ಬಿಣದ ಜಾಲರಿ ಇಟ್ಟು ಸಿಮೆಂಟಿನಲ್ಲಿ ಮುಚ್ಚಿಸಿ. ಬರೀ ಫೋಮ್ ತುಂಬಿದರೆ ಒಂದು ವಾರ ತಡೆಯಬಹುದು.

7. ಕಾಪರ್ ಪೈಪ್, ಗ್ಯಾಸ್

ಇಲ್ಲಿ ನೀವು ನೋಡುವುದು ಮಾತ್ರ, ಆದರೆ ನೋಡಲೇಬೇಕು. ಬೆಸುಗೆ ಆದ ಮೇಲೆ ಲೀಕೇಜ್ ಪರೀಕ್ಷೆ ನೈಟ್ರೋಜನ್ ಸಿಲಿಂಡರ್‌ನಿಂದ ಆಗಬೇಕು. ವೆಲ್ಡಿಂಗ್‌ನ ಆಕ್ಸಿಜನ್ ಸಿಲಿಂಡರ್ ಹತ್ತಿರ ತಂದರೆ ಕೆಲಸ ನಿಲ್ಲಿಸಿ. ಒತ್ತಡದ ಆಕ್ಸಿಜನ್ ಕಂಪ್ರೆಸರ್ ಎಣ್ಣೆಗೆ ಸೇರಿದರೆ ಸ್ಫೋಟವಾಗುತ್ತದೆ. ನೈಟ್ರೋಜನ್ ತುಂಬಿ ಒಂದು ರಾತ್ರಿ ಬಿಟ್ಟು, ಬೆಳಗ್ಗೆ ಗೇಜ್ ಮುಳ್ಳು ಇಳಿದಿದೆಯಾ ನೋಡಿ.

ಆಮೇಲೆ ವ್ಯಾಕ್ಯೂಮ್, ಅಂದರೆ ಪಂಪ್ ಇಟ್ಟು ಪೈಪಿನೊಳಗಿನ ಗಾಳಿ, ತೇವ ಪೂರ್ತಿ ಎಳೆಯುವುದು. ವ್ಯಾಕ್ಯೂಮ್ ಗೇಜ್‌ನಲ್ಲಿ ಒತ್ತಡ 500 ಮೈಕ್ರಾನ್ ತನಕ ಇಳಿಯಬೇಕು, ಪಂಪ್ ನಿಲ್ಲಿಸಿದರೂ ಅಲ್ಲೇ ನಿಲ್ಲಬೇಕು. ಸ್ವಲ್ಪ ಗ್ಯಾಸ್ ಬಿಟ್ಟು "ಗಾಳಿ ಹೋಯ್ತು ಸಾರ್" ಅನ್ನುವ ಅಡ್ಡದಾರಿ ಬೇಡ. ಒಳಗೆ ಉಳಿದ ತೇವ ಎಣ್ಣೆಯ ಜೊತೆ ಸೇರಿ ಆಮ್ಲವಾಗಿ ಕಂಪ್ರೆಸರನ್ನು ತಿನ್ನುತ್ತದೆ.

ಹೊಸ ಮಿಷನ್‌ಗಳಲ್ಲಿ ಹೆಚ್ಚಾಗಿ ಆರ್-32 ಅಥವಾ ಆರ್-410ಎ ಗ್ಯಾಸ್ ಇರುತ್ತದೆ. ಆರ್-32 ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವಂಥದ್ದು, ಗಾಳಿಗಿಂತ ಭಾರ, ಸೋರಿದರೆ ಕೆಳಗೆ ಕೂರುತ್ತದೆ. ಅದರ ಕೆಲಸ ನಡೆಯುವಾಗ ಕಿಟಕಿ ತೆರೆದಿಡಿ, ಒಲೆ ಆರಿಸಿ, ಬೀಡಿ ಸಿಗರೇಟು ಬೇಡ. ಹಳೆ ಆರ್-22 ಮಿಷನ್ ಯಾರಾದರೂ ಸೆಕೆಂಡ್ ಹ್ಯಾಂಡ್ ಕೊಡುತ್ತೇನೆ ಅಂದರೆ ಬೇಡ ಅನ್ನಿ. ಅಂಥ ಗ್ಯಾಸನ್ನು ನಮ್ಮ ದೇಶದಲ್ಲಿ 2030ರ ಹೊತ್ತಿಗೆ ನಿಲ್ಲಿಸಲಾಗುತ್ತಿದೆ.

ಗ್ಯಾಸ್ ಪೆಟ್ರೋಲ್ ಅಲ್ಲ, ಖರ್ಚಾಗುವುದಿಲ್ಲ. ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು ಅನ್ನುವವರಿಗೆ ಎಲ್ಲಿ ಸೋರುತ್ತಿದೆ ತೋರಿಸಿ ಅಂತ ಕೇಳಿ.

8. ದುಡ್ಡು ಚುಕ್ತಾ ಮಾಡುವ ಮುಂಚೆ

ಇಪ್ಪತ್ತು ನಿಮಿಷ ಓಡಲಿ. ರಿಟರ್ನ್ ಬಾಯಲ್ಲಿ ಥರ್ಮಾಮೀಟರ್ ಹಿಡಿಯಿರಿ, ಆಮೇಲೆ ಸಪ್ಲೈ ಬಾಯಲ್ಲಿ. ವ್ಯತ್ಯಾಸ 8ರಿಂದ 11 ಡಿಗ್ರಿ ಇದ್ದರೆ ಸರಿ. ಕಡಿಮೆ ಇದ್ದರೆ ಗ್ಯಾಸ್ ಅಥವಾ ಡಕ್ಟ್ ಸೋರಿಕೆ ನೋಡಬೇಕು, ತೀರಾ ಜಾಸ್ತಿ ಇದ್ದರೆ ಗಾಳಿ ಸಾಲುತ್ತಿಲ್ಲ. ಕ್ಲಾಂಪ್ ಮೀಟರ್‌ನಲ್ಲಿ ಎಷ್ಟು ಆಂಪಿಯರ್ ಎಳೆಯುತ್ತಿದೆ ಅಂತ ಅಳೆಸಿ, ತಗಡಿನ ಪಟ್ಟಿಯ ಅಂಕಿಗೆ ಹೋಲಿಸಿ. ಫ್ಲೋಟ್ ಸ್ವಿಚ್ಚನ್ನು ಮೆಕ್ಯಾನಿಕ್ ಕೈಯಲ್ಲಿ ಎತ್ತಿಸಿ, ಮಿಷನ್ ನಿಲ್ಲುತ್ತದಾ ನೋಡಿ. ಇವಿಷ್ಟನ್ನೂ ತಾರೀಖು ಸಮೇತ ವಾರಂಟಿ ಕಾರ್ಡಿನ ಹಿಂದೆ ಬರೆಸಿಕೊಳ್ಳಿ.

9. ದಿನದ ಬಳಕೆ

24ಕ್ಕೆ ಇಡಿ. ಒಂದು ಡಿಗ್ರಿ ಮೇಲೆ ಇಟ್ಟಷ್ಟೂ ಸುಮಾರು ನೂರಕ್ಕೆ ಆರರಷ್ಟು ಕರೆಂಟ್ ಉಳಿಯುತ್ತದೆ ಅನ್ನುವುದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುವ ಲೆಕ್ಕ. 18ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಅನ್ನುವುದು ಮಾಮೂಲು ಮಿಷನ್‌ನಲ್ಲಿ ಸುಳ್ಳು. ಹೆಚ್ಚು ಹೊತ್ತು ಓಡುತ್ತದೆ, ಅಷ್ಟೆ. ಫ್ಯಾನನ್ನು ಆಟೋದಲ್ಲಿಡಿ. ಆನ್‌ನಲ್ಲಿಟ್ಟರೆ ಕಂಪ್ರೆಸರ್ ನಿಂತ ಮೇಲೂ ಬ್ಲೋವರ್ ಓಡಿ, ಕಾಯಿಲ್ ಮೇಲಿನ ನೀರನ್ನು ಮತ್ತೆ ರೂಮಿಗೇ ಊದುತ್ತದೆ.

ಕರೆಂಟ್ ಹೋಗಿ ಬಂದರೆ ಮೂರರಿಂದ ಐದು ನಿಮಿಷ ಬಿಟ್ಟು ಆನ್ ಮಾಡಿ. ಗುಡುಗು ಶುರುವಾದರೆ ರಿಮೋಟ್‌ನಲ್ಲಿ ಆಫ್ ಮಾಡಿದರೆ ಸಾಲದು, ಐಸೊಲೇಟರ್ ತೆಗೆಯಿರಿ. ಗುಡುಗಿಗೆ ಮೊದಲೇ ತೆಗೆದಿದ್ದರೆ ಇನ್ನೂ ಒಳ್ಳೆಯದು.

ಫಿಲ್ಟರ್ ಮಾತ್ರ ನಿಮ್ಮ ಕೆಲಸ. ಸೀಸನ್‌ನಲ್ಲಿ ಎರಡು ವಾರಕ್ಕೊಮ್ಮೆ, ಕಾಫಿ ಕಣ ಅಥವಾ ಮಣ್ಣು ರಸ್ತೆ ಪಕ್ಕದ ಮನೆಯಾದರೆ ವಾರಕ್ಕೊಮ್ಮೆ. ಮೊದಲು ಎಂಸಿಬಿ ಆಫ್. ಗಟ್ಟಿ ಏಣಿ, ಕೆಳಗೆ ಹಿಡಿಯಲು ಒಬ್ಬರು. ಫಿಲ್ಟರ್ ಮೇಲಿನ ಬಾಣದ ಗುರುತು ಯಾವ ಕಡೆಗಿತ್ತು ನೋಡಿಕೊಂಡು ಎಳೆಯಿರಿ. ನಲ್ಲಿ ನೀರಲ್ಲಿ ದೂಳಿನ ಹಿಂಬದಿಯಿಂದ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ. ಒದ್ದೆ ಫಿಲ್ಟರ್ ಹಾಕುವುದೂ ಬೇಡ, ಫಿಲ್ಟರ್ ಇಲ್ಲದೆ "ಒಂದು ಗಂಟೆ ತಾನೇ" ಅಂತ ಓಡಿಸುವುದೂ ಬೇಡ. ಬ್ಲೋವರ್ ಮುಚ್ಚಳದ ಸ್ಕ್ರೂ ಬಿಚ್ಚಬೇಡಿ. ಒಳಗಿನ ಕೆಪಾಸಿಟರ್ ಕರೆಂಟ್ ತೆಗೆದ ಮೇಲೂ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತದೆ, ಮುಟ್ಟಿದರೆ ಹೊಡೆಯುತ್ತದೆ.

ಕಾಯಿಲ್ ಮೇಲೆ ಐಸ್ ಕಟ್ಟಿದರೆ ಚಾಕು, ಸ್ಕ್ರೂಡ್ರೈವರ್ ಹಿಡಿದು ಕೆರೆಯಬೇಡಿ. ಕೂಲಿಂಗ್ ನಿಲ್ಲಿಸಿ ಬರೀ ಫ್ಯಾನ್ ಓಡಿಸಿ, ತಾನೇ ಕರಗುತ್ತದೆ. ಮೊದಲು ಫಿಲ್ಟರ್ ನೋಡಿ. ಅದು ಚೊಕ್ಕವಿದ್ದರೆ ಮೆಕ್ಯಾನಿಕ್ ಕರೆಯಿರಿ. ಎಂಸಿಬಿ ಬಿದ್ದರೆ ಒಂದು ಸಲ ಎತ್ತಬಹುದು. ಮತ್ತೆ ಬಿದ್ದರೆ ಬಿಟ್ಟುಬಿಡಿ. ಆರ್‌ಸಿಸಿಬಿ ಬಿದ್ದರೆ ಎತ್ತಲೇಬೇಡಿ, ಕರೆಂಟ್ ಎಲ್ಲೋ ಸೋರುತ್ತಿದೆ. ಸುಟ್ಟ ವಾಸನೆ ಬಂದರೆ ಮೇನ್ ತೆಗೆದು ಆಮೇಲೆ ಮಾತು.

10. ಮಳೆಗಾಲಕ್ಕೆ ಮಲಗಿಸುವುದು, ಶಿವರಾತ್ರಿಗೆ ಎಬ್ಬಿಸುವುದು

ಆರಿದ್ರಾ ಮಳೆ ಹಿಡಿಯುವ ಮೊದಲು ಒಂದು ಒಣ ದಿನ ನೋಡಿ. ಕೂಲಿಂಗ್ ಇಲ್ಲದೆ ಬರೀ ಫ್ಯಾನನ್ನು ಮೂರ್ನಾಲ್ಕು ಗಂಟೆ ಓಡಿಸಿ. ಕಾಯಿಲ್, ಟ್ರೇ ಎರಡೂ ಒಣಗಬೇಕು. ಒದ್ದೆ ಟ್ರೇ ಮುಚ್ಚಿಟ್ಟರೆ ಹದಿನೈದು ದಿನಕ್ಕೆ ಬೂಷ್ಟು. ಫಿಲ್ಟರ್ ತೊಳೆದು ಒಣಗಿಸಿ ವಾಪಸ್ ಹಾಕಿ, ಐಸೊಲೇಟರ್ ತೆಗೆಯಿರಿ. ಔಟ್‌ಡೋರ್ ಯೂನಿಟ್‌ಗೆ ಪ್ಲಾಸ್ಟಿಕ್ ಸುತ್ತಬೇಡಿ. ಅದು ಮಳೆಗೆ ನೆನೆಯಲೆಂದೇ ಮಾಡಿದ್ದು. ಸುತ್ತಿದರೆ ಒಳಗೆ ತೇವ ನಿಂತು ತುಕ್ಕು ಹಿಡಿಯುತ್ತದೆ, ಇಲಿಗೆ ಬೆಚ್ಚಗಿನ ಗೂಡಾಗುತ್ತದೆ.

ಮಧ್ಯದ ತಿಂಗಳುಗಳಲ್ಲಿ ಮಳೆ ಬಿಡುವು ಕೊಟ್ಟ ದಿನ, ಎರಡು ವಾರಕ್ಕೊಮ್ಮೆ, ಅರ್ಧ ಗಂಟೆ ಫ್ಯಾನ್ ಓಡಿಸಿ. ಟ್ರಾಪಿನ ನೀರು ಆರಿಹೋದರೆ ಅದೇ ದಾರಿಯಲ್ಲಿ ಜಿರಲೆ, ಇರುವೆ ಬರುತ್ತವೆ. ಟ್ರಾಪ್ ಮೇಲೆ ಮುಚ್ಚಳ ಇರುವ ಕಿಂಡಿ ಮಾಡಿಸಿಕೊಂಡಿದ್ದರೆ ಅದರಿಂದ ತಿಂಗಳಿಗೊಂದು ಲೋಟ ನೀರು ಹುಯ್ಯಿರಿ.

ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೋದ ಮೇಲೆ ಮೆಕ್ಯಾನಿಕ್ ಕರೆಸಿ ಕಾಯಿಲ್ ತೊಳೆಸಿ, ಡ್ರೈನ್ ಪೈಪ್ ಊದಿಸಿ, ಬ್ಲೋವರ್ ಓಡುವಾಗಲೇ ಚೊಂಬಿನ ಪರೀಕ್ಷೆ ಇನ್ನೊಮ್ಮೆ ಮಾಡಿಸಿ. ಎಲೆಕ್ಟ್ರಾನಿಕ್ ಬೋರ್ಡಿನ ಮುಚ್ಚಳ ಅವನ ಕೈಯಲ್ಲೇ ತೆಗೆಸಿ ಟಾರ್ಚ್ ಬಿಟ್ಟು ನೋಡಿ. ಬೆಚ್ಚಗಿನ ಜಾಗ ಹುಡುಕಿ ಹೋದ ಹಲ್ಲಿ ಎರಡು ಟರ್ಮಿನಲ್ ಮಧ್ಯೆ ಒಣಗಿ ಅಂಟಿರುವುದು ನಮ್ಮ ಕಡೆ ತೀರಾ ಸಾಮಾನ್ಯ, ಅದರ ಮೇಲೆ ಕರೆಂಟ್ ಕೊಟ್ಟರೆ ಬೋರ್ಡೇ ಸುಡುತ್ತದೆ. ಕೊನೆಗೆ ಎಂಸಿಬಿ, ಐಸೊಲೇಟರ್ ಎರಡೂ ಆನ್ ಮಾಡಿ, ಆದರೆ ಏಸಿ ಹಾಕಬೇಡಿ. ಎಷ್ಟೋ ಕಂಪ್ರೆಸರ್‌ಗಳ ಕೆಳಗೆ ಎಣ್ಣೆ ಬಿಸಿ ಮಾಡುವ ಸಣ್ಣ ಹೀಟರ್ ಇರುತ್ತದೆ. ತಿಂಗಳುಗಟ್ಟಲೆ ನಿಂತಾಗ ಎಣ್ಣೆಗೆ ಸೇರಿಕೊಂಡ ಗ್ಯಾಸ್ ಬಿಟ್ಟುಹೋಗಲು ಅದಕ್ಕೆ ಹನ್ನೆರಡು ಗಂಟೆಯಾದರೂ ಬೇಕು. ರಾತ್ರಿ ಆನ್ ಮಾಡಿ ಮಲಗಿ, ಮಾರನೇ ದಿನ ಮಧ್ಯಾಹ್ನ ರಿಮೋಟ್ ಒತ್ತಿ.